ವಸ್ತುಸಂಗ್ರಹಾಲಯದ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೆಳೆದ ಹೆಣ್ಣುಮಕ್ಕಳ ತಾಯಂದಿರಾಗಿರುವರು. ಮಗಳು ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ತರುವಾಯ ಮುಂದೇನೆಂಬ ಪ್ರಶ್ನೆಗೆ ಅಧ್ಯಾಪಿಕೆ, ವೈದ್ಯೆ, ದಾದಿ ಎಂಬ ಉತ್ತರಗಳು ಬಂದರೆ ಮನೆಯಲ್ಲಿ ಯಾರೂ ಬೆರಗಾಗುವುದಿಲ್ಲ. ಆದರೆ ವಸ್ತುಸಂಗ್ರಹಾಲಯ ಮತ್ತು ಚಿತ್ರಶಾಲೆಗಳನ್ನು ಸ್ಥಾಪಿಸಿ ನಡೆಸುವ ಉದ್ಯಮದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದು ಮಗಳು ಹೇಳಿದರೆ, ತಂದೆಯವರು ಮೌನವಾಗುವರು, ತಾಯಿಯವರು, “ಹಳೆಯ ಕಲ್ಲುಗಳನ್ನು ಕಾಯುವುದಕ್ಕೆ ಎಂ.ಎ. ಏಕಮ್ಮಾ?” ಎಂದು ಕೇಳುವರು. ಈ ಪ್ರಶ್ನೆಯನ್ನು ನಾವು ನಕ್ಕು ತಳ್ಳಿಬಿಡಲಾರೆವು. ಮಗಳ ಜೀವನೋಪಾಯವೂ ಮನೆಯವರ ಉಳಿತಾಯವೂ ಅದರಲ್ಲಿ ಅಡಗಿರುವುದರಿಂದ ಅದಕ್ಕೆ ತಕ್ಕ ಉತ್ತರವನ್ನು ಕೊಡಬೇಕು.

ಉತ್ತರವನ್ನು ದೂರದ ಎರಡು ಊರುಗಳಿಂದ ತರುವೆವು. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ಪಟ್ಟಣದ ರಾಷ್ಟ್ರೀಯ ವಸ್ತುಸಂಗ್ರಹಾಲಯವು 1818ರಲ್ಲಿ ಸ್ಥಾಪಿತವಾದುದು. ಅದರ ಇನ್ನೂರನೆಯ ವರ್ಷದಲ್ಲಿಯೇ, ಅಂದರೆ 2018ರ ಸೆಪ್ಟೆಂಬರ್ 2ರ ರಾತ್ರಿಯಲ್ಲಿ, ಅಲ್ಲಿ ಬೆಂಕಿ ಹತ್ತಿ, ಸುಮಾರು 2 ಕೋಟಿ ವಸ್ತುಗಳ ಬಹುಭಾಗವು ನಾಶವಾಯಿತು. ಆ ಸಂಸ್ಥೆಯ ಪಾಲನೆಗೆಂದು ಬರತಕ್ಕ ವಾರ್ಷಿಕ ಹಣವು ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಪೂರ್ತಿಯಾಗಿ ಕೈಸೇರಿರಲಿಲ್ಲ. ಅದೇ ವರ್ಷ ಅಮೆರಿಕದ ಪಿಟ್ಸ್‌ಫೀಲ್ಡ್ ಎಂಬ ಊರಿನ ಬರ್ಕ್‌ಶೈರ್ ವಸ್ತುಸಂಗ್ರಹಾಲಯವು ಹಣದ ಮುಗ್ಗಟ್ಟನ್ನು ನೀಗಿಕೊಳ್ಳುವುದಕ್ಕಾಗಿ ತನ್ನ 22 ಕಲಾಕೃತಿಗಳನ್ನು ಮಾರಿ 5 ಕೋಟಿ 32 ಲಕ್ಷ ಡಾಲರುಗಳಿಗೂ ಮಿಕ್ಕ ಮೊತ್ತವನ್ನು ಪಡೆಯಿತು. ನಾರ್ಮನ್ ರಾಕ್‌ವೆಲ್ ಎಂಬ ಪ್ರಸಿದ್ಧ ಚಿತ್ರಕಾರರು ತಾವೇ ಕೊಡುಗೆಯಾಗಿ ಕೊಟ್ಟಿದ್ದ ಚಿತ್ರಗಳೂ ಅವುಗಳಲ್ಲಿ ಸೇರಿದ್ದವು. ಅಲ್ಲಿನ ಕಲಾಸಂಗ್ರಹಾಲಯ ನಿರ್ದೇಶಕರ ಸಂಘವು ಇದನ್ನು ಖಂಡಿಸಿ, ಆ ಸಂಸ್ಥೆಗೆ ಕಲಾಕೃತಿಗಳನ್ನು ಎರವಲು ಕೊಡಕೂಡದೆಂದು ತನ್ನ ಸದಸ್ಯರಿಗೆ ತಿಳಿಸಿತು.

ಇವೆರಡರಿಂದ ತಿಳಿಯತಕ್ಕದ್ದೇನು? ಪೂರ್ವಿಕರ ವಸ್ತುಗಳನ್ನು ಪ್ರೀತಿಸುವವರು ಹಣದ ಮಾತನ್ನು ಕೀಳೆಂದು ಬಿಟ್ಟರೆ ಮಾಡು ಸೋರುವುದು; ಹಣವನ್ನು ಮಾತ್ರ ಬಲ್ಲವರ ಕೈಗೆ ಬೀಗದಕೈಯನ್ನು ಕೊಟ್ಟರೆ ಒಳಗಿನ ವಸ್ತುಗಳೇ ಮಾರಿಹೋಗುವವು. ಆದಕಾರಣ ಜೋಪಾನವನ್ನೂ ಲೆಕ್ಕವನ್ನೂ ಒಬ್ಬರೇ ಕಲಿತಿರುವುದು ಅವಶ್ಯವೆಂದು ನಾವು ಅಭಿಪ್ರಾಯಪಡುತ್ತೇವೆ. ಮಗಳು ಕೇಳುವ ವ್ಯಾಸಂಗದ ಹುರುಳು ಇದೇ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸುವೆವು. ಹಳೆಯ ಸೀರೆ, ಕಸೂತಿ, ಜಲವರ್ಣಚಿತ್ರ, ಹಸ್ತಪ್ರತಿ ಇವುಗಳ ಮೇಲೆ ಬೀಳುವ ಬೆಳಕು ಸಾಮಾನ್ಯವಾಗಿ 50 ಲಕ್ಸ್ ಅಳತೆಯನ್ನು ಮೀರಬಾರದೆಂದು ಈ ವಿದ್ಯೆಯನ್ನು ಬಲ್ಲವರು ಹೇಳುವರು. ಮೀರಿದರೆ ಬಣ್ಣವು ಮಾಸುವುದು, ಮಾಸಿದ ಬಣ್ಣವು ತಿರುಗಿ ಬಾರದು. ಈಗ ಧನವಂತರೊಬ್ಬರು ಬಂದು, ಸೀರೆಗಳಿರುವ ದೊಡ್ಡ ಕೋಣೆಯನ್ನು ಒಂದು ಸಂಜೆಯ ಔತಣಕ್ಕೆ ಬಾಡಿಗೆಗೆ ಕೇಳುವರೆಂದು ಎಣಿಸೋಣ. ಬಾಡಿಗೆಯಿಂದ ಕಾವಲುಗಾರರ ಸಂಬಳ ಸಲ್ಲುವುದು. ಔತಣದ ದೀಪಗಳಿಂದ ಸೀರೆಗಳು ಕೆಡುವವು. ಕೇವಲ ಪಂಡಿತೆಯು ಬೇಡವೆನ್ನುವಳು. ಕೇವಲ ವ್ಯಾಪಾರಿಯು ಹೂಂ ಎನ್ನುವನು. ಎರಡನ್ನೂ ಬಲ್ಲವಳಾದರೋ ಔತಣಕ್ಕೆ ಅಂಗಳವನ್ನು ತೋರಿಸಿ, ಬಾಡಿಗೆಯನ್ನೂ ಸೀರೆಗಳನ್ನೂ ಉಳಿಸಿಕೊಳ್ಳುವಳು. ಆಯವ್ಯಯದ ಪಟ್ಟಿ, ದಾನಿಗಳೊಡನೆ ವ್ಯವಹಾರ, ಪ್ರೇಕ್ಷಕರ ಅಭಿರುಚಿ, ಮಾರಾಟದ ಮಳಿಗೆ, ಕಲಾವಿದರ ಹಕ್ಕು ಮುಂತಾದವು ಇಂತಹ ವ್ಯಾಸಂಗದ ವಿಷಯಗಳು. ನಮ್ಮ ದೇಶದಲ್ಲಿಯಾದರೆ ಪ್ರಾಚೀನ ವಸ್ತುಗಳ ಮಾರಾಟಕ್ಕೂ ಹೊರದೇಶಗಳಿಗೆ ಅವುಗಳ ರವಾನೆಗೂ ಕಟ್ಟಳೆ ವಿಧಿಸಿದ 1972ರ ಕಾಯಿದೆಯನ್ನು ಸಹ ಅರಿತಿರಬೇಕು.

ಈ ವಿದ್ಯೆ ಭಾರತಕ್ಕೆ ಹೊಸದಲ್ಲ. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿಯೂ ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ 1959ರಲ್ಲಿಯೂ ಸಂಗ್ರಹಾಲಯಶಾಸ್ತ್ರದ ವಿಭಾಗಗಳು ಆರಂಭವಾದವು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯವು 1966ರಿಂದ ಇದನ್ನು ಕಲಿಸುತ್ತ ಬಂದಿದೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜು ಉದ್ಯಮಶೀಲತೆಯನ್ನೇ ಮುಖ್ಯವಾಗಿಟ್ಟುಕೊಂಡ ಪಾಠಕ್ರಮವನ್ನೂ ಏರ್ಪಡಿಸಿತು.

ಸ್ತ್ರೀಯರಿಗೆ ಇದು ತಕ್ಕದ್ದೋ ಎಂಬ ಸಂದೇಹವು ಯಾರಲ್ಲಿಯಾದರೂ ಉಳಿದಿದ್ದರೆ, ಎರಡು ಹೆಸರುಗಳನ್ನು ನೆನಪಿಗೆ ತರುವೆವು. ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾಸಂಗ್ರಹಾಲಯವನ್ನು 1935ರಿಂದ ಕಟ್ಟಿ ಬೆಳೆಸಿದ ಗ್ರೇಸ್ ಮಾರ್ಲೆಯವರೇ 1960ರಲ್ಲಿ ದೆಹಲಿಯ ನಮ್ಮ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ರಚಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳುಗಳಾದರು. 1956ರಲ್ಲಿ ಆ ಮಂಡಳಿಯ ಮೂಲಕ ದೆಹಲಿಯಲ್ಲಿ ಕರಕುಶಲ ವಸ್ತುಗಳ ಸಂಗ್ರಹಾಲಯವು ಹುಟ್ಟಿತು. ನೇಕಾರನ ಸೊಗಸಾದ ಸೀರೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಾಲದು, ಆತನ ಮಗ್ಗಕ್ಕೆ ಗಿರಾಕಿಯನ್ನೂ ಹುಡುಕಬೇಕೆಂಬುದನ್ನು ಅವರ ಕಾರ್ಯವು ತೋರಿಸಿಕೊಟ್ಟಿತು. ಉದ್ಯಮಶೀಲತೆ ಎಂಬ ಮಾತು ಇಂದಿನದಾದರೂ ಅದರ ಸತ್ತ್ವವನ್ನು ಆ ಮಹಿಳೆಯು ಅಂದೇ ಬಲ್ಲವರಾಗಿದ್ದರು.

ಹಾಗೆಂದು ನಾವು ಹೆತ್ತವರಿಗೆ ಬರೀ ಸಿಹಿಮಾತುಗಳನ್ನು ಹೇಳಲಾರೆವು. ಈ ಮಾರ್ಗದಲ್ಲಿ ಹುದ್ದೆಗಳು ಕಡಿಮೆ. ಆರಂಭದ ಸಂಬಳವೂ ಹೆಚ್ಚಲ್ಲ. ನಮ್ಮ ನಾಡಿನಲ್ಲಿ 1865ರಲ್ಲಿಯೇ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತಾದರೂ, 2023ರಲ್ಲಿ ಅದೇ ನಗರದಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯದಂತಹ ಖಾಸಗಿ ಸಂಸ್ಥೆಗಳು ಇನ್ನೂ ವಿರಳವೇ. ಆದುದರಿಂದ ಮನೆಯನ್ನು ಅಡವಿಟ್ಟು ಮಗಳನ್ನು ಕೂಡಲೆ ಪರದೇಶಕ್ಕೆ ಕಳುಹಿಸಬೇಡಿರಿ. ಮೊದಲು ಅವಳು ಹತ್ತಿರದ ಯಾವುದಾದರೂ ಸಂಗ್ರಹಾಲಯದಲ್ಲಿ ಒಂದು ವರ್ಷ ದುಡಿಯಲಿ. ಧೂಳು ಒರೆಸಲಿ, ಪಟ್ಟಿ ಬರೆಯಲಿ, ಚೀಟಿ ಹರಿದುಕೊಡಲಿ, ಸಂಜೆಗೆ ಹಣವನ್ನು ಎಣಿಸಿ ಲೆಕ್ಕ ಒಪ್ಪಿಸಲಿ. ಆ ಬಳಿಕವೂ ಅವಳ ಆಸೆಯು ಕುಂದದಿದ್ದರೆ ನಮ್ಮ ದೇಶದ ಪಾಠಕ್ರಮಗಳನ್ನು ಮೊದಲು ವಿಚಾರಿಸಿರಿ; ವಿದ್ಯಾರ್ಥಿವೇತನವು ದೊರೆತರೆ ಪರದೇಶದ ಮಾತನ್ನು ಆಡಿರಿ.

ಕೊನೆಯದಾಗಿ, ಈ ವಿದ್ಯೆಗೆ ಹೊರಡುವ ನಮ್ಮ ಮಕ್ಕಳಿಗೂ ಒಂದು ಮಾತು. ಹಣವನ್ನು ಗಳಿಸುವುದನ್ನು ನಾಚಿಕೆಯಿಲ್ಲದೆ ಕಲಿಯಿರಿ. ಮಳಿಗೆಯನ್ನು ಇಡಿರಿ, ಉಪಾಹಾರಗೃಹವನ್ನು ನಡೆಸಿರಿ, ದಾನಿಗಳ ಬಾಗಿಲನ್ನು ತಟ್ಟಿರಿ. ಆದರೆ ಕೊಟ್ಟವರು ನಂಬಿ ಕೊಟ್ಟ ವಸ್ತುವನ್ನು ದಿನದ ಖರ್ಚಿಗಾಗಿ ಎಂದಿಗೂ ಮಾರಬೇಡಿರಿ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಕಸೂತಿಯ ವಸ್ತ್ರವನ್ನು ಒಬ್ಬ ತಾಯಿಯು ನಿಮ್ಮ ಕೈಗೆ ಒಪ್ಪಿಸುವಾಗ ಅವಳು ನಿಮ್ಮ ಪದವಿಯನ್ನು ನೋಡುವುದಿಲ್ಲ. ತನ್ನ ಮೊಮ್ಮಗಳು ಬಂದು ಕೇಳಿದ ದಿನ ಅದು ಅಲ್ಲಿರುವುದೋ ಎಂಬುದನ್ನು ಮಾತ್ರ ಯೋಚಿಸುವಳು. ಇರುವುದೆಂದು ಧೈರ್ಯವಾಗಿ ಹೇಳಬಲ್ಲ ಹೆಣ್ಣುಮಕ್ಕಳನ್ನು ಸಿದ್ಧಪಡಿಸುವ ವಿದ್ಯೆಗೆ ಹೆತ್ತವರ ಒಪ್ಪಿಗೆಯು ದೊರೆಯತಕ್ಕದ್ದೆಂದು ನಾವು ನಂಬುತ್ತೇವೆ.