ಬಾಚಣಿಗೆಯಿಂದ ಸಿಡಿಲಿನವರೆಗೆ

ಎಣ್ಣೆ ಹಚ್ಚದ ಒಣ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತಾರು ಸಲ ಬಾಚಿ, ಅದನ್ನು ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ. ಕಾರಣ ಕೇಳಿದರೆ ‘ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಸರಿ, ಕೂದಲಿನಿಂದ ಎಲೆಕ್ಟ್ರಾನುಗಳನ್ನು ಪಡೆದ ಬಾಚಣಿಗೆಗೆ ಋಣಾವೇಶ ಬಂತು. ಆದರೆ ಕಾಗದವನ್ನು ಯಾರೂ ಉಜ್ಜಲಿಲ್ಲವಲ್ಲ! ಅದರಲ್ಲಿ ಧನ, ಋಣ ಎರಡೂ ಸಮ. ಆದರೂ ಅದು ಹಾರಿ ಬಂದದ್ದೇಕೆ?

ಉತ್ತರ ಇರುವುದು ‘ದೂರ’ ಎಂಬ ಮಾತಿನಲ್ಲಿ. ಎರಡು ಆವೇಶಗಳ ನಡುವಣ ಬಲವನ್ನು ಫ್ರಾನ್ಸಿನ ವಿಜ್ಞಾನಿ ಕೂಲಂಬ್ 1785ರಲ್ಲಿ ಅಳೆದು ತೋರಿಸಿದ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ಬಾಚಣಿಗೆ ಹತ್ತಿರ ಬಂದಾಗ ಕಾಗದದ ಅಣುಗಳಲ್ಲಿರುವ ಎಲೆಕ್ಟ್ರಾನುಗಳು ತುಸು ಹಿಂದಕ್ಕೆ ಸರಿಯುತ್ತವೆ. ಈಚಿನ ಬದಿ ಧನ, ಆಚಿನ ಬದಿ ಋಣ. ಧನಭಾಗ ಹತ್ತಿರವಿರುವುದರಿಂದ ಆಕರ್ಷಣೆಯೇ ಮೇಲುಗೈ ಪಡೆಯುತ್ತದೆ.

ಮುಟ್ಟದೆ ಎಳೆಯುವುದು ಹೇಗೆ? ಪ್ರತಿಯೊಂದು ಆವೇಶಕ್ಕೂ ತನ್ನ ಸುತ್ತ ಪ್ರಭಾವದ ವಲಯವೊಂದಿದೆ. ಇದೇ ವಿದ್ಯುತ್ ಕ್ಷೇತ್ರ. ಒಂದು ಬಿಂದುವಿನಲ್ಲಿ ಏಕಮಾನ ಧನಾವೇಶದ ಮೇಲೆ ಬೀಳುವ ಬಲವೇ ಅಲ್ಲಿನ ಕ್ಷೇತ್ರದ ಪ್ರಮಾಣ.

ಈಗ ಬಾಚಣಿಗೆಯ ಜಾಗದಲ್ಲಿ ಮೋಡವನ್ನೂ ಕಾಗದದ ಜಾಗದಲ್ಲಿ ಭೂಮಿಯನ್ನೂ ಇಟ್ಟು ನೋಡಿ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಸಂಜೆ ಕವಿಯುವ ಗುಡುಗುಮೋಡದ ತಳದಲ್ಲಿ ಸಾಮಾನ್ಯವಾಗಿ ಋಣಾವೇಶ ತುಂಬಿರುತ್ತದೆ. ಕೆಳಗಿನ ನೆಲ ಪ್ರೇರಣೆಯಿಂದ ಧನವಾಗುತ್ತದೆ. ಗಾಳಿ ಅವಾಹಕವೇನೋ ನಿಜ. ಆದರೆ ಕ್ಷೇತ್ರವು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಮುಟ್ಟಿದರೆ ಒಣ ಗಾಳಿಯೂ ಸೋಲುತ್ತದೆ. ಎತ್ತರದ, ಚೂಪಾದ ವಸ್ತುಗಳ ತುದಿಯಲ್ಲಿ ಆವೇಶ ದಟ್ಟೈಸುವುದರಿಂದ ಅಲ್ಲಿ ಕ್ಷೇತ್ರ ಅತಿ ಪ್ರಬಲ. ಬಯಲಿನ ಒಂಟಿ ಹುಣಸೆಮರಕ್ಕೆ ಸಿಡಿಲು ಬಡಿಯುವುದು ಇದಕ್ಕೇ. ಮರಕ್ಕಿಂತ ಮನುಷ್ಯನ ದೇಹ ಉತ್ತಮ ವಾಹಕ. ಆದ್ದರಿಂದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವನ ಮೇಲೆ ಜಿಗಿಯಬಲ್ಲದು, ನೆಲದ ಮೂಲಕವೂ ಕಾಲಿಗೆ ಹರಿಯಬಲ್ಲದು.

ಪೋಷಕರೇ, ಮಕ್ಕಳಿಗೆ ಇಷ್ಟನ್ನು ಖಂಡಿತ ಹೇಳಿಕೊಡಿ. ಮಿಂಚು ಕಂಡೊಡನೆ ಸೆಕೆಂಡುಗಳನ್ನು ಎಣಿಸಲಿ. ಶಬ್ದಕ್ಕೆ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಎಣಿಕೆ 30 ಮುಟ್ಟುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಕೂಡಲೇ ಪಕ್ಕಾ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಗಾಜು ಏರಿಸಿದ ಕಾರು, ಬಸ್ಸುಗಳೂ ಸುರಕ್ಷಿತವೇ. ಅದಕ್ಕೆ ಟೈರಿನ ರಬ್ಬರು ಕಾರಣವಲ್ಲ, ಲೋಹದ ಕವಚ ಕಾರಣ. ಆವೇಶ ವಾಹಕದ ಹೊರಮೈಯಲ್ಲೇ ಉಳಿಯುತ್ತದೆಂದು ಫ್ಯಾರಡೆ 1836ರಲ್ಲಿ ಲೋಹದ ಹೊದಿಕೆಯ ಕೋಣೆಯೊಂದನ್ನು ಕಟ್ಟಿಸಿ, ತಾನೇ ಒಳಗೆ ಕುಳಿತು ತೋರಿಸಿದ್ದ.

ಇನ್ನೊಂದು ಮಾತು. ಸಿಡಿಲು ತಗುಲಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಹೆದರಿ ದೂರ ನಿಲ್ಲುವವರಿದ್ದಾರೆ. ಆ ಆವೇಶ ಕ್ಷಣದೊಳಗೆ ನೆಲ ಸೇರಿರುತ್ತದೆ, ದೇಹದಲ್ಲಿ ಉಳಿಯುವುದಿಲ್ಲ. ಧೈರ್ಯವಾಗಿ ಮುಟ್ಟಿ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತಿ, ಬಾಯಿಂದ ಉಸಿರು ಕೊಡಿ. 108ಕ್ಕೆ ಕರೆ ಮಾಡಿಸಿ. ಈ ತಿಳಿವಳಿಕೆಯಿಂದ ಒಂದು ಜೀವ ಉಳಿದೀತು.

ಗುಡುಗಿದಾಗ ಅಜ್ಜಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸಿದರೆ ಹೇಳಿ, ಬೇಡವೆನ್ನುವುದಿಲ್ಲ. ಆದರೆ ಮರದಡಿಯಲ್ಲಿ ನಿಂತಲ್ಲ, ಮನೆಯೊಳಗೆ ಕುಳಿತು!

ಈ ವಾರದ ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿ ನಡೆಯುವ ಬಾಚಣಿಗೆಯ ಆಟ ಮಳೆಗಾಲದಲ್ಲಿ ಕೈಕೊಡುವುದೇಕೆ? ಮಾಡಿ ನೋಡಿ, ಯೋಚಿಸಿ.