ಬೀರುವಿನ ಬೀಗ ಯಾರದು?

ಗೆಳೆಯರೇ, ಜಿಲ್ಲಾ ಜನಗಣತಿ ಕೈಪಿಡಿ ಅನ್ನೋ ಪುಸ್ತಕವನ್ನು ನಮ್ಮಲ್ಲಿ ಎಷ್ಟು ಮಂದಿ ಮುಟ್ಟಿದ್ದೇವೆ? ಅದರೊಳಗೆ ನಮ್ಮೂರಿದೆ. ಊರಲ್ಲಿ ಪರಿಶಿಷ್ಟರೆಷ್ಟು, ಅಕ್ಷರ ಬಲ್ಲವರೆಷ್ಟು, ಸಾಗುವಳಿದಾರರೆಷ್ಟು, ಕೂಲಿಗಳೆಷ್ಟು, ಎಲ್ಲ ಲೆಕ್ಕವಿದೆ. ಕೇಳಲು ಹೋದಾಗ ನಮಗೆ ಸಿಕ್ಕ ಉತ್ತರ: 'ಅದು ರೆಫರೆನ್ಸು, ಬೀರುವಿನಲ್ಲಿದೆ. ನಿಮಗ್ಯಾಕ್ರಯ್ಯಾ ಅದು? ಕಾದಂಬರಿ ಬೇಕಾದ್ರೆ ತಗೊಂಡ್ಹೋಗಿ.'

ಬಾವಿ ಮುಟ್ಟಬೇಡಿ ಅಂದ ದನಿಯ ಗುರುತು ನಮಗಿಲ್ಲವೆ?

ಅಂಕಿಯ ಬೆಲೆ ಆಳುವವರಿಗೆ ಗೊತ್ತು. 2011ರವರೆಗಿನ ಜನಗಣತಿಗಳಲ್ಲಿ ಎಲ್ಲ ಜಾತಿಗಳ ತಲೆಯೆಣಿಕೆ ಅಚ್ಚಾಗಿದ್ದು 1931ರಲ್ಲೇ ಕೊನೆ. 1980ರ ಮಂಡಲ್ ವರದಿಗೂ ಆ ಹಳೇ ಲೆಕ್ಕವೇ ಊರುಗೋಲಾಯಿತು. ಅದೇ 1931ರಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಬರೆದು, ಪುಸ್ತಕದ ಬಳಕೆಯನ್ನೇ ಮೊದಲನೆಯದಾಗಿಟ್ಟರು. ಬೀಗ ಆರನೆಯ ಸೂತ್ರವೇನು?

ಇದು ಯಾರ ಧರ್ಮದ ದುಡ್ಡೂ ಅಲ್ಲ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ, ಜಾಗದ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುತ್ತದೆ.

ಈಗ 'ನೆಟ್‌ನಲ್ಲಿದೆ, ನೋಡ್ಕೊಳ್ಳಿ' ಅಂತಾರೆ. 2011ರ ಕೈಪಿಡಿ ಅಲ್ಲಿದೆ, ನಿಜ. ಆದರೆ ಇಂಗ್ಲಿಷಿನಲ್ಲಿದೆ. ಕಬ್ಬಿಣದ ಬೀಗ ಹೋಗಿ ಭಾಷೆಯ ಬೀಗ ಬಂತು, ಅಷ್ಟೆ.

ನಮ್ಮ ಹಕ್ಕೊತ್ತಾಯ ಇಷ್ಟು: ಪಂಚಾಯ್ತಿ ಲೈಬ್ರರಿಯ ಮೇಜಿನ ಮೇಲೆ ಜನಗಣತಿ ಕೈಪಿಡಿ, ಆಯೋಗಗಳ ವರದಿಗಳು ಕನ್ನಡದಲ್ಲಿ ಬಿಚ್ಚಿಕೊಂಡು ಬಿದ್ದಿರಲಿ. ಮೇಷ್ಟ್ರುಗಳೇ, ಮಕ್ಕಳಿಗೆ ತಮ್ಮೂರಿನ ಸಾಲು ಹುಡುಕೋದು ಕಲಿಸಿ. ಅಂಕಿಯಿಲ್ಲದ ಅರ್ಜಿಯನ್ನು ಗೋಳು ಅಂತ ಎಸೀತಾರೆ. ಅಂಕಿಯಿಟ್ಟು ಕೇಳೋಣ; ಉತ್ತರ ಕೊಡಲೇಬೇಕು.