ಕೊಸರು ಎಂದರೇನು?

ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ತಾನು ಮಾಡಿದ ಅನುವಾದವೊಂದನ್ನು ಇತ್ತೀಚೆಗೆ ನನ್ನಲ್ಲಿಗೆ ತಂದಿದ್ದನು. ಮೂಲದಲ್ಲಿ ‘ಲ್ಯಾನ್ಯಾಪ್’ ಎಂಬ ಅಪರೂಪದ ಇಂಗ್ಲಿಷ್ ಶಬ್ದವಿದ್ದೆಡೆ ಆತನು ‘ಉಚಿತ ಕೊಡುಗೆ’ ಎಂದು ಬರೆದಿದ್ದನು. ನಾನು ಅದನ್ನು ಹೊಡೆದುಹಾಕಿ ‘ಕೊಸರು’ ಎಂದು ತಿದ್ದಿದೆನು. ಆತನು ಸ್ವಲ್ಪ ಹೊತ್ತು ನೋಡಿ, “ಕೊಸರು ಎಂದರೇನು, ಸಾರ್?” ಎಂದನು. ಇಂಗ್ಲಿಷ್ ಶಬ್ದದ ಅರ್ಥ ಹೇಳಲು ಹೊರಟವನು ಕನ್ನಡ ಶಬ್ದದ ಅರ್ಥವನ್ನೂ ಹೇಳಬೇಕಾಯಿತು.

ಲ್ಯಾನ್ಯಾಪ್ ಹುಟ್ಟಿನಿಂದ ಇಂಗ್ಲಿಷಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯ ಕೆಚುವಾ ಭಾಷೆಯಲ್ಲಿ ‘ಯಾಪಾ’ ಎಂದರೆ ಮೇಲೆ ಸೇರಿಸಿದ್ದು. ಆ ಸೀಮೆಯನ್ನು ಗೆದ್ದ ಸ್ಪೇನಿನವರ ಬಾಯಲ್ಲಿ ಅದು ‘ನ್ಯಾಪಾ’ ಆಯಿತು. ಅವರ ಭಾಷೆಯ ಉಪಪದ ಮುಂದೆ ನಿಂತು ‘ಲಾ ನ್ಯಾಪಾ’ ಆಯಿತು. ಲೂಯಿಸಿಯಾನ ಪ್ರಾಂತದ ಫ್ರೆಂಚ್ ಮಾತಿನವರು ಎರಡನ್ನೂ ಒಂದಾಗಿ ಬೆಸೆದು ತಮ್ಮ ಕಾಗುಣಿತದಲ್ಲಿ ಬರೆದುಕೊಂಡರು. 1803ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದವರು ಆ ಪ್ರಾಂತವನ್ನು ಫ್ರಾನ್ಸಿನಿಂದ ಕೊಂಡರು. ನೆಲ ಕೊಂಡವರಿಗೆ ಈ ಶಬ್ದ ಕೊಸರಾಗಿ ದಕ್ಕಿತೆನ್ನಬಹುದು! 1883ರಲ್ಲಿ ಪ್ರಕಟವಾದ ‘ಲೈಫ್ ಆನ್ ದಿ ಮಿಸಿಸಿಪ್ಪಿ’ಯಲ್ಲಿ ಮಾರ್ಕ್ ಟ್ವೈನನು ನ್ಯೂ ಆರ್ಲಿಯನ್ಸಿನ ಅಂಗಡಿಗಳ ಈ ವಾಡಿಕೆಯನ್ನು ಬಲು ಮೆಚ್ಚಿ ಬಣ್ಣಿಸಿದ್ದಾನೆ. ವ್ಯಾಪಾರ ಮುಗಿಸಿದ ಮಗು ಲ್ಯಾನ್ಯಾಪ್ ಕೇಳಿದರೆ ಅಂಗಡಿಯವನು ಜೇಷ್ಠಮಧುವಿನ ತುಂಡು ಕೊಡುವನಂತೆ. ಮನೆಯಾಳಿಗೆ ಅಗ್ಗದ ಚುಟ್ಟವೋ ದಾರದ ಉಂಡೆಯೋ.

ಕೊಡುವುದಕ್ಕೆ ನಮ್ಮಲ್ಲಿ ಶಬ್ದಗಳು ಬೇಕಾದಷ್ಟಿವೆ. ದಕ್ಷಿಣೆ ಹಿರಿಯರಿಗೆ ಸಲ್ಲುತ್ತದೆ; ಬಕ್ಷೀಸು ಕೆಳಗೆ ಚಾಚಿದ ಕೈಗೆ ಬೀಳುತ್ತದೆ; ಮುಯ್ಯಿಗೆ ಮರುಮುಯ್ಯಿಯ ಲೆಕ್ಕವುಂಟು. ಉಡುಗೊರೆಯನ್ನಂತೂ ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ. ಕೊಸರನ್ನು ಮಾತ್ರ ನಾಚಿಕೆಯಿಲ್ಲದೆ ಕೇಳಬಹುದು. ನಮ್ಮ ತಾಯಿಯವರು ಸೊಪ್ಪಿನವಳೊಡನೆ ಕಾಸು ಕಾಸಿಗೂ ಚೌಕಾಸಿ ಮಾಡಿ, ದುಡ್ಡು ಎಣಿಸಿ ಕೊಟ್ಟಾದ ಮೇಲೆ, “ಕೊಸರಿಗೆ ಎರಡೆಸಳು ಕರಿಬೇವು ಹಾಕವ್ವ” ಎನ್ನುತ್ತಿದ್ದರು. “ನಿಮಗೆ ಕೊಟ್ಟೂ ಕೊಟ್ಟೂ ನಾನು ಮುಳುಗಿಹೋದೆ, ತಾಯಿ” ಎಂದು ಗೊಣಗುತ್ತ ಆಕೆ ಮೂರೆಸಳು ಹಾಕುತ್ತಿದ್ದಳು. ಬೆಲೆಯ ಜಗಳ ತೀರಿದ ಮೇಲೆ ಬರುವುದೇ ಕೊಸರಿನ ಲಕ್ಷಣ. ಹೂವಾಡಗಿತ್ತಿ ಮೊಳ ಅಳೆದ ಮೇಲೆ ಬಿಡುವ ನಾಲ್ಕು ಬೆರಳಿನಷ್ಟು ಮಾಲೆ, ಹಾಲಿನವನು ಅಳತೆ ಮುಗಿಸಿ ಪಾತ್ರೆಗೆ ಸುರಿಯುವ ಗುಟುಕು, ಎಲ್ಲವೂ ಆ ಜಾತಿಯವೇ.

ಇಂದು ಪೊಟ್ಟಣಗಳ ಮೇಲೆ ‘ಇಷ್ಟು ಹೆಚ್ಚು, ಉಚಿತ’ ಎಂದು ಅಚ್ಚಾಗಿರುತ್ತದೆ. ಅದನ್ನು ಕೊಸರೆಂದು ನಾನು ಒಪ್ಪಲಾರೆನು. ಬೆಲೆ ಕಟ್ಟುವಾಗಲೇ ಲೆಕ್ಕಕ್ಕೆ ಸೇರಿದ್ದು ಅದು; ಅಲ್ಲಿ ಕೇಳುವ ಬಾಯಿಯೂ ಇಲ್ಲ, ಗೊಣಗಿ ಕೊಡುವ ಕೈಯೂ ಇಲ್ಲ. ‘ಉಚಿತ ಕೊಡುಗೆ’ ಎಂಬ ಜಾಹೀರಾತಿನ ಮಾತು ಅದಕ್ಕೆ ಸರಿಯಾಗಿ ಒಪ್ಪುತ್ತದೆ, ಅಲ್ಲಿಯೇ ಇರಲಿ. ತೆಲುಗರು ಕೊಸರು ಎನ್ನುತ್ತಾರೆ, ತಮಿಳರು ಕೊಸುರು ಎನ್ನುತ್ತಾರೆ. ಹೀಗೆ ಮೂರು ನಾಡುಗಳ ಸಂತೆಯಲ್ಲಿ ಸವೆದು ನುಣುಪಾದ ಶಬ್ದವಿರುವಾಗ, ನಮ್ಮ ಅನುವಾದಕರು ಕೈಗೆ ಸಿಕ್ಕಿದ ಸಮಾಸವನ್ನು ಹೊಸೆದಿಡುವುದು ನನಗೆ ಸೋಮಾರಿತನವೆಂದೇ ತೋರುತ್ತದೆ.

ಇಷ್ಟನ್ನೂ ಕೇಳಿಕೊಂಡು ವಿದ್ಯಾರ್ಥಿಯು ‘ಕೊಸರು’ ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡನು. ಬಳಿಕ, “ಈಗಲೂ ಕೇಳಿದರೆ ಕೊಡುತ್ತಾರೆಯೇ, ಸಾರ್?” ಎಂದನು.

ಬೀದಿಯ ತುದಿಯಲ್ಲಿ ಸೊಪ್ಪಿನ ಗಾಡಿ ನಿಂತಿತ್ತು. ಹೋಗಿ ಕೇಳಿ ನೋಡಪ್ಪ, ಎಂದೆನು.